ಕಂದೀಲು ಇಳಿಸುವ ಸೋನಾಬಾಯಿ

ಬಬಲೇಶ್ವರದ ಆ ಓಣಿಯಲ್ಲಿ ಯಾರ ಮನೆಯ ಸಂಪು ತೊಳೆಯುವುದಿದ್ದರೂ ಮೊದಲು ಸೋನಾಬಾಯಿಗೆ ಹೇಳಿ ಕಳಿಸಬೇಕು. ಕಳಿಸದಿದ್ದರೆ ತಾನೇ ಬರುತ್ತಾಳೆ, ಒಂದು ಕೈಯಲ್ಲಿ ಕಂದೀಲು, ಇನ್ನೊಂದು ಕೈಯಲ್ಲಿ ಹಗ್ಗ. ಕಂದೀಲು ಕಟ್ಟಿ ಒಳಗೆ ಇಳಿಬಿಟ್ಟು, ತಳ ಮುಟ್ಟಿದ ಮೇಲೂ ಉರಿಯುತ್ತಿದೆಯೇ ಎಂದು ಬಗ್ಗಿ ನೋಡಿ, ಮತ್ತೊಮ್ಮೆ ನೋಡಿ, ಆಮೇಲೆಯೇ ಮನುಷ್ಯರನ್ನು ಇಳಿಯಗೊಡುತ್ತಾಳೆ. ಎದೆಮಟ್ಟದ ಸಂಪಾದರೂ ಸರಿ, ರಿಯಾಯಿತಿ ಇಲ್ಲ. ಮೊಬೈಲಿನಲ್ಲೇ ಬ್ಯಾಟರಿ ಇದೆಯಲ್ಲ ಎಂದು ಯಾರಾದರೂ ಜಾಣತನ ತೋರಿಸಿದರೆ, “ನಿನ್ನ ಬ್ಯಾಟರಿ ಹೆಣದ ಕೈಯಾಗೂ ಉರೀತೈತಿ” ಎಂದು ಬಾಯಿ ಮುಚ್ಚಿಸುತ್ತಾಳೆ.

ಮೊದಮೊದಲು ಓಣಿಯವರು ನಗುತ್ತಿದ್ದರು. ಆರು ವರ್ಷದ ಹಿಂದೆ ಹಾಳುಬಾವಿಯ ಹೂಳು ತೆಗೆಯುವ ದಿನ ಅವಳ ಕಂದೀಲು ಅರ್ಧಕ್ಕೇ ಆರಿತು, ಇಳಿಯಲು ನಿಂತಿದ್ದ ಇಬ್ಬರ ಜೀವ ಉಳಿಯಿತು. ಅಂದಿಗೆ ನಗು ನಿಂತಿತು. ಆ ಇಬ್ಬರ ಹೆಂಡಂದಿರು ಸೀರೆ ತಂದು ಕಾಲಿಗೆ ಬಿದ್ದರೆ, ಸೋನಾಬಾಯಿ ಸೀರೆ ಮುಟ್ಟದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮೂವತ್ತು ವರ್ಷ ಅಂಗನವಾಡಿಯಲ್ಲಿ ಆಯಾ ಆಗಿ ಕಂಡವರ ಮಕ್ಕಳ ಮೂಗು ಒರೆಸಿದವಳು. ಗರ್ವವೆಂದು ಯಾರೂ ಅನ್ನುವಂತಿರಲಿಲ್ಲ. ಯಾಕೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ, ಹೆತ್ತ ಮಗಳು ವಿಶಾಖಾಳಿಗೂ.

ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಅವಳ ಬೆನ್ನ ಹಿಂದೆ ಒಂದು ಧ್ವನಿ ಕೇಳುತ್ತಿತ್ತು. ಸಿಟ್ಟಿನದಲ್ಲ, ಅಳುವಿನದೂ ಅಲ್ಲ. ದೀಪ ಉರಿಯುತ್ತಿದೆಯೇ ಎಂದು ಕೆಲಸದ ಗಡಿಬಿಡಿಯಲ್ಲಿ ಕೇಳುವ ಸಾದಾ ಪ್ರಶ್ನೆ.

“ಸೋನೀ, ಉರ್ಯಾಕತ್ತೈತೇನಬೇ?”

ಐವತ್ತೆರಡು ವರ್ಷದಿಂದ ಅದೇ ಮಾತು, ಅದೇ ಹದಿನೆಂಟರ ಗಂಟಲು. ಕೇಳುವವನು ದಶರಥ, ಅವಳ ಅಣ್ಣ. ಅವಳಿಗೆ ಮುಪ್ಪು ಬಂತು, ಅವನಿಗೆ ಬರಲಿಲ್ಲ.

ವಿಶಾಖಾ ವಿಜಯಪುರದಲ್ಲಿ ನರ್ಸ್. ಕಳೆದ ಶ್ರಾವಣದಲ್ಲಿ ಅವಳು ಗೆಳತಿಯರ ಜೊತೆ ತಿಕೋಟಾಕ್ಕೆ ಊಟಕ್ಕೆ ಹೋಗಿದ್ದಳು. ತಿಕೋಟಾ ಸೋನಾಬಾಯಿಯ ತವರೂರು. ಅಲ್ಲಿ ಬಿದ್ದುಹೋಗಿದ್ದ ಜಮೀನುದಾರರ ಹಳೆಯ ವಾಡೆಯನ್ನು ಯಾರೋ ಕೊಂಡು, ಗೋಡೆ ಗಾರೆ ತಿದ್ದಿಸಿ, ಕೆಳಗೆ ಹೋಟೆಲು, ಮೇಲೆ ವಸ್ತುಸಂಗ್ರಹಾಲಯ ಮಾಡಿದ್ದರು. ವಿಶಾಖಾ ಅಲ್ಲಿಂದ ಒಂದು ಫಲಕದ ಫೋಟೋ ಕಳಿಸಿದಳು. ‘ಈ ವಾಡೆಯ ಹಗೇವಿಗೆ ದೀಪ ನೋಡದೆ ದುಡುಕಿ ಇಳಿದ ಆಳೊಬ್ಬ ಸತ್ತನೆಂದು ಹೇಳುತ್ತಾರೆ.’ ಅದರ ಕೆಳಗೆ ಮಗಳ ಪ್ರಶ್ನೆ: ‘ಯವ್ವಾ, ಇದು ದಶರಥ ಮಾವನ ಸುದ್ದಿ ಅಲ್ಲೇನು?’

ದುಡುಕಿ. ಆ ಒಂದು ಮಾತನ್ನು ಸೋನಾಬಾಯಿ ಮತ್ತೆ ಮತ್ತೆ ಓದಿದಳು. ಎರಡು ದಿನ ರೊಟ್ಟಿ ಇಳಿಯಲಿಲ್ಲ. ಮೂರನೆಯ ದಿನ ತಾನೇ ಫೋನು ಮಾಡಿದಳು. “ರವಿವಾರ ನನ್ನ ವಾಡೇಕ್ಕ ಕರಕೊಂಡ ಹೋಗು.”

ವಿಶಾಖಾಳಿಗೆ ನಂಬಿಕೆಯೇ ಬರಲಿಲ್ಲ. ಹೊನವಾಡದ ಬಸ್ಸು ತಿಕೋಟಾ ದಾಟುವಾಗ ಕಣ್ಣು ಮುಚ್ಚಿ ಕೂಡುವ ತಾಯಿ ಇವಳು.

ರವಿವಾರ ಮಧ್ಯಾಹ್ನ ಇಬ್ಬರೂ ಹೋದರು. ಹೋಟೆಲಿನ ಥಾಟೇ ಥಾಟು. ಬಾಗಿಲಲ್ಲಿ ಗಂಡಸರಿಗೆಲ್ಲ ರುಮಾಲು ಸುತ್ತುತ್ತಿದ್ದರು. ಬಗೆಬಗೆಯ ಊಟದ ಹೆಸರನ್ನು ಕಾಳು ಕೇರುವ ಮೊರದ ಮೇಲೆ ಬರೆದಿಟ್ಟಿದ್ದರು. ಬಡಿಸುವವರನ್ನು ಕರೆಯಲು ತೊಲೆಯಿಂದ ಇಳಿಬಿಟ್ಟ ಹಗ್ಗ ಜಗ್ಗಿದರೆ ಎತ್ತಿನ ಗಂಟೆ ಬಾರಿಸುತ್ತಿತ್ತು. ಪಡಸಾಲೆ ಹಗಲಲ್ಲೂ ಕತ್ತಲು. ಪ್ರತಿ ಮಣೆಯ ಮುಂದೆ ಒಂದೊಂದು ಸಣ್ಣ ಕಂದೀಲು. ನಡುನೆಲದಲ್ಲಿ ದುಂಡನೆಯ ದಪ್ಪ ಗಾಜು, ಅದರ ಕೆಳಗೆ ಹಗೇವು. ಹಗೇವೆಂದರೆ ನೆಲದೊಳಗಿನ ಜೋಳದ ಕಣಜ. ಬಾಯಿ ಸಣ್ಣದು, ಹೊಟ್ಟೆ ಎರಡಾಳುದ್ದ. ಒಳಗೆ ವಿದ್ಯುದ್ದೀಪ ಹಚ್ಚಿ, ಹುಲ್ಲು ಹಾಸಿ, ಬುಟ್ಟಿ ಹೊತ್ತ ಒಂದು ಆಳಿನ ಗೊಂಬೆ ನಿಲ್ಲಿಸಿದ್ದರು. ಗೊಂಬೆ ಮುಖ ಮೇಲೆತ್ತಿ ನೋಡುತ್ತಿತ್ತು. ಸುತ್ತ ಕೂತವರು ಎಣ್ಣೆಗಾಯಿ ನಂಜಿಕೊಂಡು ರೊಟ್ಟಿ ಮುರಿಯುತ್ತಿದ್ದರು.

ಸೋನಾಬಾಯಿ ಆ ಗಾಜಿನ ಅಂಚಿಗೆ ಕೂತಳು. ಮುಂದಿಟ್ಟ ತಾಟು ಮುಟ್ಟಲಿಲ್ಲ.

ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ತುಂಬಿರುತ್ತದೆ. ತೆರೆದು ಬಿಟ್ಟು, ಕಂದೀಲು ಇಳಿಸಿ ನೋಡಿ, ಅದು ಉರಿದರಷ್ಟೇ ಇಳಿಯುವುದು. ಐವತ್ತೆರಡು ವರ್ಷದ ಹಿಂದೆ ಇದೇ ಹಗೇವು ತೆರೆದ ದಿನ ಕಂದೀಲು ಇಳಿಸುವ ಕೆಲಸ ಹತ್ತು ವರ್ಷದ ಸೋನಿಯದು. ಮೊದಲ ಸಲ ಕೈ ಅಲುಗಿ ದೀಪ ಆರಿತು. ಕಡ್ಡಿ ದಂಡ ಮಾಡಿದಿ ಎಂದು ವಾಡೆಯ ಲೆಕ್ಕ ಬರೆಯುವ ಕಾರಕೂನ ಕಪಾಳಕ್ಕೆ ಬಿಗಿದ. ಎರಡನೆಯ ಸಲ ಅವಳ ಕೈ ಅಲುಗಲಿಲ್ಲ. ದೀಪ ತಾನಾಗಿ ಆರಿತು. ಕಾರಕೂನ ಹಿಂದೆಯೇ ನಿಂತಿದ್ದ. ದಶರಥ ಆಚೆ ತಲೆಗೆ ವಸ್ತ್ರ ಸುತ್ತಿಕೊಳ್ಳುತ್ತ ಕೇಳಿದ, ಉರ್ಯಾಕತ್ತೈತೇನಬೇ ಎಂದು.

ಹೂಂ, ಉರ್ಯಾಕತ್ತೈತಿ ಎಂದಳು ಸೋನಿ.

ಅವನು ಇಳಿದ. ಹೊರಗೆ ಬಂದದ್ದು ಹೆಣ. ಅಂವ ದೀಪ ನೋಡದೆ ಇಳಿದ ಎಂದು ವಾಡೆಯವರು ಊರಿಗೆಲ್ಲ ಹೇಳಿದರು. ಅವ್ವ ಸಾಯುವವರೆಗೂ ವಾಡೆಯ ಕಡೆ ಕೈ ಮಾಡಿ ಒದರಿದಳು: “ನನ್ನ ಮಗಳು ದೀಪ ನೋಡೇ ಹೇಳ್ಯಾಳ! ಆಕಿ ಸುಳ್ಳ ಹೇಳಾಕಿ ಅಲ್ಲ!” ಕಪಾಳದ ಪೆಟ್ಟು ಮರೆತುಹೋಯಿತು. ಅವ್ವನ ಆ ಮಾತು ಮರೆಯಲಿಲ್ಲ.

ಗಾಜಿನ ಕೆಳಗಿನ ಬೆಳಕು ಎರಡು ಸಲ ಮಿಣುಕಿ ಆರಿತು. ಗೊಂಬೆ ಕತ್ತಲಲ್ಲಿ ಮುಳುಗಿತು. ವಾಡೆಯ ದೀಪ, ಬಾಗಿಲು, ಬಂದವರು, ಎಲ್ಲ ನೋಡಿಕೊಳ್ಳುವ ಸಾದಿಕ ಓಡಿಬಂದ; ನಲವತ್ತರ ಗಟ್ಟಿ ಮನುಷ್ಯ. “ತಿಂಗಳಾತ್ರಿ ತಗದಿಲ್ಲ. ವಾಯರ್ ಸಡಲ ಆಗಿರ್ತೈತಿ” ಎನ್ನುತ್ತ ಗಾಜು ಸರಿಸಿ, ಏಣಿ ಇಳಿಬಿಟ್ಟು, ಕಾಲಿಟ್ಟ. ನೆಂದ ಹುಲ್ಲು ಕೊಳೆತ ವಾಸನೆ ಮೇಲೆ ಬಂತು.

ಸೋನಾಬಾಯಿ ಅವನ ರಟ್ಟೆ ಹಿಡಿದಳು. “ತಡೀಪಾ.”

“ಯಾಕ್ರಿ ಆಯೀ?”

ಅವಳು ಎದ್ದು ನಿಂತಳು. ಗಂಟೆಯ ಹಗ್ಗ ಬಿಚ್ಚಿದಳು, ತನ್ನ ಮಣೆಯ ಮುಂದಿನ ಕಂದೀಲಿಗೆ ಕಟ್ಟಿದಳು, ಇಳಿಬಿಟ್ಟಳು. ಉಣ್ಣುವವರು ಕೈ ನಿಲ್ಲಿಸಿ ನೋಡಿದರು. ಇದೂ ಹೋಟೆಲಿನ ಆಟವೇ ಇರಬೇಕೆಂದು ಒಬ್ಬ ಮೊಬೈಲು ತೆಗೆದ. ಒಂದು ಮೊಳ, ಎರಡು ಮೊಳ. ಅವಳ ಕೈ ಅಲುಗಲಿಲ್ಲ. ಗೊಂಬೆಯ ಮುಖದ ಹತ್ತಿರ ಬರುತ್ತಲೇ ಜ್ವಾಲೆ ಸಣ್ಣದಾಯಿತು, ನೀಲಿಯಾಯಿತು, ಆರಿತು.

ಆಗ ಅದೇ ಗಂಟಲು. ಈ ಸಲ ಬೆನ್ನ ಹಿಂದಿನಿಂದಲ್ಲ, ಹಗೇವಿನ ಒಳಗಿನಿಂದ.

“ಸೋನೀ, ಉರ್ಯಾಕತ್ತೈತೇನಬೇ?”

“ಇಲ್ಲೋ ಯಣ್ಣಾ!” ಪಡಸಾಲೆಯ ತೊಲೆ ನಡುಗುವಂತೆ ಚೀರಿದಳು ಸೋನಾಬಾಯಿ. “ಆರೇತಿ! ಆರೇತೋ! ಇಳೀಬ್ಯಾಡೋ ಯಣ್ಣಾ!”

ಸಾದಿಕ ಏಣಿಯಿಂದ ಕಾಲು ತೆಗೆದ. ವಿಶಾಖಾ ತಾಯಿಯನ್ನು ತಬ್ಬಿ ಹಿಂದೆ ಎಳೆದಳು. ಆ ತೋಳುಗಳಲ್ಲೇ ಸೋನಾಬಾಯಿ ಎಲ್ಲ ಹೇಳಿದಳು. “ಅವತ್ತೂ ಆರಿತ್ತು ವಿಶಾಖಾ. ಹೊಡೀತಾರಂತ ಅಂಜಿ, ಉರ್ಯಾಕತ್ತೈತಿ ಅಂದೆ. ನಾನ ಕೊಂದೇನಿ ಅವನ್ನ.”

ಹತ್ತು ವರ್ಷದ ಕೂಸು ನೀನು ಎಂದು ವಿಶಾಖಾ ಹೇಳಿದಳು. ತಾಯಿಯ ಕಿವಿಗೆ ಅದು ಹೋಗಲಿಲ್ಲ.

ಸಾದಿಕ ಏಣಿ ಮೇಲೆಳೆದು, ಗಾಜು ಮುಚ್ಚದೆ ಬಿಟ್ಟು, ಎಲ್ಲರನ್ನೂ ದೂರ ಕೂಡಿಸಿದ. ಆಮೇಲೆ ಅಟ್ಟ ಹತ್ತಿ ಆ ಫಲಕ ಕಿತ್ತು ತಂದ. “ಏನ ಬರಸ್ಲಿ ಹೇಳ್ರಿ ಆಯೀ.”

“ದಶರಥ ಅಂತ ಬರಸಪಾ. ಅಂವ ಕೇಳೇ ಇಳದಾನ ಅಂತ ಬರಸು.” ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ಸುಳ್ಳ ಹೇಳಿದಾಕಿ ಹೆಸರೂ ಬರಸು. ಸೋನಾಬಾಯಿ, ತಂಗಿ.”

ಆ ಸಂಜೆ ಬಬಲೇಶ್ವರದ ಮನೆಯಲ್ಲಿ ಕಡ್ಡಿ ಗೀರಿ, ದೀಪಕ್ಕೆ ಹಿಡಿಯದೆ ನಿಂತಳು. ಬೆನ್ನ ಹಿಂದೆ ವಿಶಾಖಾ ಪಾತ್ರೆ ಎತ್ತಿಡುವ ಸದ್ದು ಬಿಟ್ಟರೆ ಏನಿಲ್ಲ. ಕಡ್ಡಿ ಬೆರಳು ಸುಡುವವರೆಗೆ ಕಾದಳು. ಇನ್ನೊಂದು ಗೀರಿದಳು, ಮತ್ತೂ ಕಾದಳು. ಯಾವಾಗ ನಿಲ್ಲುತ್ತದೋ ಎಂದು ಐವತ್ತೆರಡು ವರ್ಷ ಅವಳು ಹೆದರಿಕೊಂಡೇ ಕೇಳುತ್ತ ಬಂದ ಆ ಧ್ವನಿ ನಿಂತಿತ್ತು. ಅಣ್ಣ ಇವತ್ತು ಸತ್ತ ಎನ್ನಿಸಿ, ಸೋನಾಬಾಯಿ ಕತ್ತಲಲ್ಲೇ ಕೂತು ಅತ್ತಳು.