ಮಟ್ಟೆ ಲಾರಿ ಹತ್ತಿದ ಚಿಕ್ಕಮ್ಮ

ಊಟಕ್ಕೆ ಕೂತಾಗಲೂ ಚಿಕ್ಕಮ್ಮನ ಒಂದು ಮಂಡಿ ಮೇಲೆದ್ದೇ ಇರುತ್ತಿತ್ತು, ಯಾರೋ ಕರೆದರೆ ಎದ್ದು ಓಡಲು ತಯಾರಾದವಳ ಹಾಗೆ. "ಒಂದು ಗಳಿಗೆ ಸುಮ್ನೆ ಕೂತ್ಕೊಳ್ಳೇ" ಎಂದು ಚಿಕ್ಕಪ್ಪ ಗದರಿದರೆ, "ಕೂತ್ರೆ ತಲೆ ಓಡ್ತದೆ ಕಣ್ರೀ, ಅದಕ್ಕಿಂತ ಕಾಲು ಓಡೋದೇ ವಾಸಿ" ಅನ್ನುವಳು.

ತೊಂಬತ್ತರ ದಶಕದ ಮಾತು. ಹಂದನಕೆರೆ ಹತ್ತಿರದ ಅವರ ತೋಟದ ಮನೆಗೆ ನಾನು ಕಾಲೇಜಿನ ರಜೆಯಲ್ಲಿ ಹೋಗುತ್ತಿದ್ದೆ. ಅವರ ಕೊಬ್ಬರಿ ತಿಪಟೂರಿನ ಮಂಡಿಗೆ ಹೋಗುತ್ತಿತ್ತು. ಕಾಯಿ ಸುಲಿದ ಮಟ್ಟೆ ಬೇಲಿ ಪಕ್ಕದಲ್ಲಿ ಗುಡ್ಡೆ ಬೀಳುತ್ತಿತ್ತು. ತಮಿಳುನಾಡಿನ ಲಾರಿಯವರು ಬಂದು ಅದನ್ನು ತುಂಬಿಕೊಂಡು ಹೋದರೆ, ಜಾಗ ಖಾಲಿಯಾಯಿತಲ್ಲ ಎಂದು ಚಿಕ್ಕಪ್ಪನಿಗೆ ಸಮಾಧಾನ.

ಒಮ್ಮೆ ಸಂತೆಯಲ್ಲಿ ಬಾವಿಗೆ ಹಗ್ಗ ಕೊಳ್ಳುವಾಗ ಚಿಕ್ಕಮ್ಮ, "ಇದು ಎಲ್ಲೀದಪ್ಪ?" ಎಂದಳು. ಅಂಗಡಿಯವನು ನಕ್ಕ. "ನಿಮ್ಮ ಕಡೆ ಮಟ್ಟೇದೇ ಕಣಮ್ಮ. ತಮಿಳ್ನಾಡಿಗೋಗಿ ಹಗ್ಗ ಆಗಿ ಬತ್ತದೆ."

ಮನೆಗೆ ಬಂದವಳೇ ಜಗಲಿಯಲ್ಲಿ ಆ ಹಗ್ಗದ ಎಳೆಗಳನ್ನೆಲ್ಲ ಬಿಚ್ಚಿ ಹರವಿಕೊಂಡಳು. ಬಾವಿಗೆ ಹಗ್ಗವೇ ಉಳಿಯಲಿಲ್ಲ.

ಮುಂದಿನ ಸಲ ಲಾರಿ ಬಂದಾಗ ಡ್ರೈವರನ್ನು ಒಪ್ಪಿಸಿ, ನನ್ನನ್ನೂ ಎಳೆದುಕೊಂಡು ಹತ್ತಿಯೇ ಬಿಟ್ಟಳು. ಚಿಕ್ಕಪ್ಪ ಅಡ್ಡ ನಿಂತ. "ಊರೋರು ಏನಂದಾರು?"

"ಮಟ್ಟೆ ಹೋಗ್ಬೋದು, ನಾನು ಹೋಗ್ಬಾರ್ದಾ?"

ತಮಿಳುನಾಡಿನಲ್ಲಿ ಲಾರಿ ಮಟ್ಟೆ ಇಳಿಸಿದ ಕಡೆ ಒಂದು ಶೆಡ್ಡಿನಲ್ಲಿ ಹೆಂಗಸರು ರಾಟೆ ತಿರುಗಿಸಿ ಹುರಿ ಹೊಸೆಯುತ್ತಿದ್ದರು. ಅವರ ಮಾತು ನಮಗೆ ಬಾರದು. ಚಿಕ್ಕಮ್ಮ ಕೈಸನ್ನೆ ಮಾಡುತ್ತಲೇ ಅವರ ನಡುವೆ ಸೇರಿಕೊಂಡು, ಅಂಗೈ ಸುಲಿಯುವವರೆಗೂ ಹೊಸೆದಳು. ಬರುವಾಗ ಬಸ್ಸಿನಲ್ಲಿ ನನಗೆ ಹೇಳಿದಳು: "ಕಾಯಿ ನಮ್ಮದು, ನೀರು ನಮ್ಮದು, ಕೆಲ್ಸ ಇಲ್ದೆ ಕೂತಿರೋ ಹೆಂಗಸ್ರೂ ನಮ್ಮೂರಲ್ಲೇ ಅವ್ರೆ. ಇಲ್ದಿರೋದು ರಾಟೆ ಒಂದೇ ಕಣೇ."

ರಾಟೆ ಬಂತು. ಆದರೆ ನಾರು ಬಿಡಿಸಲೆಂದು ಅವಳು ಊರ ದನ ನೀರು ಕುಡಿಯುವ ಕಟ್ಟೆಯಲ್ಲಿ ನೆನೆಹಾಕಿದ ಮಟ್ಟೆಯಿಂದ ನೀರು ಕಪ್ಪಾಗಿ ನಾರತೊಡಗಿತು. ದನ ಮೂಸಿ ಮುಖ ತಿರುಗಿಸಿದವು. ಊರಿನವರು ಮನೆ ಮುಂದೆ ಬಂದು ಕೂಗಾಡಿದರು. ಅವರು ಹೇಳಿದ್ದು ಸರಿಯೆಂದು ಅವಳಿಗೂ ಗೊತ್ತಿತ್ತು. ಸೊಂಟಮಟ್ಟದ ನೀರಿಗಿಳಿದು ಅಷ್ಟನ್ನೂ ಮೇಲೆಳೆದು ಹಾಕಿದಳು. ಅವಳು ಅತ್ತಿದ್ದನ್ನು ಅವತ್ತು ಮೊದಲ ಬಾರಿ ನೋಡಿದೆ. ಮಾರನೆಯ ದಿನ ತೋಟದ ಅಂಚಿನಲ್ಲಿ ಗುದ್ದಲಿ ಹಿಡಿದು, ಮಟ್ಟೆ ನೆನೆಹಾಕಲು ಬೇರೆ ಗುಂಡಿ ತೋಡುತ್ತಿದ್ದಳು. ಚಿಕ್ಕಪ್ಪ ಆ ಕಡೆ ಸುಳಿಯಲಿಲ್ಲ, ಅವಳ ಜೊತೆ ಮಾತನ್ನೂ ಬಿಟ್ಟಿದ್ದ. ಪಕ್ಕದ ಮನೆಯ ಹೆಂಗಸರೇ ಮಣ್ಣು ಹೊರಲು ಮಂಕರಿ ಹಿಡಿದು ಬಂದರು.

ಅವರು ಹೊಸೆದ ಮೊದಲ ಹಗ್ಗ ಕಿತ್ತುಹೋಗಿ ಕೊಡ ಬಾವಿಗೆ ಬಿತ್ತು. ಊರೆಲ್ಲ ನಕ್ಕಿತು. ಚಿಕ್ಕಮ್ಮನೂ ನಕ್ಕಳು, ನಗುತ್ತಲೇ ಮತ್ತೆ ನಾರು ಕೈಗೆತ್ತಿಕೊಂಡಳು. ಕೆಲವು ವರ್ಷಗಳಲ್ಲಿ ಅದೇ ಸಂತೆಯಲ್ಲಿ ಅವರ ಹಗ್ಗ ಮಾರಾಟಕ್ಕಿತ್ತು. ತೆಂಗಿಗೆ ನುಸಿ ರೋಗ ಬಿದ್ದು ಕಾಯಿ ಸಣ್ಣಗಾದ ವರ್ಷಗಳಲ್ಲೂ ಆ ಹೆಂಗಸರ ಕೆಲಸ ನಿಲ್ಲಲಿಲ್ಲ.

ಕಾಯಿಲೆ ಬಿದ್ದು ತುಮಕೂರಿನ ಆಸ್ಪತ್ರೆ ಸೇರಿದಾಗಲೂ ಅವಳಿಗೆ ಅದೇ ಚಡಪಡಿಕೆ. "ಕಾಯಿ ಚಿಪ್ಪನ್ನೆಲ್ಲ ಒಲೆಗೇ ಹಾಕ್ತಿದೀರಾ? ಅದ್ರಲ್ಲಿ ಇದ್ದಿಲು ಮಾಡೋ ಕಡೆ ಒಂದ್ಸಲ ಹೋಗಿ ನೋಡ್ಕಂಡು ಬಾರೇ."

"ಮೊದ್ಲು ನೀನು ಹುಷಾರಾಗು ಚಿಕ್ಕಮ್ಮ."

"ನಾನು ಹುಷಾರಾಗ್ಲಿ ಅಂತ ಕಾಯ್ತಾ ಕೂತ್ರೆ ಆಯ್ತು ಬುಡು!"

ಅದೇ ವಾರ ಹೋಗಿಬಿಟ್ಟಳು.

ಅವಳ ಶಿವಗಣಾರಾಧನೆ ಮುಗಿದ ಮಾರನೆಯ ಬೆಳಿಗ್ಗೆ ನಾನು ತಿಪಟೂರಿನ ಬಸ್ಸು ಹತ್ತಿದೆ. ಬಸ್ಸು ಹೊರಡುವಾಗ ಚಿಕ್ಕಪ್ಪ ಹೆಗಲ ಮೇಲೆ ಟವಲು ಹಾಕಿಕೊಂಡು ಏದುಸಿರು ಬಿಡುತ್ತಾ ಬಂದು ಹತ್ತಿದ.

"ನೀನೆಲ್ಲಿಗೆ ಚಿಕ್ಕಪ್ಪ?"

"ಅವಳು ಹೇಳಿದ್ದ ಇದ್ದಿಲು ಸುಡೋ ಕಡೆಗೆ ತಾನೇ ನೀನು ಹೋಯ್ತಿರೋದು?" ಎಂದ, ಕಿಟಕಿ ಕಡೆ ನೋಡುತ್ತಾ. "ಒಸಿ ಸರ್ಕೊ. ನಾನೂ ಬತ್ತೀನಿ."