ಕೂರದಂತೆ ಮಾಡಿದ ತಗಡು

ಆ ತಗಡು ಕೂರದಂತೆ ಮಾಡಿದ್ದು ನಾನು.

ಸಲೀಮರ ಕೈ ತಪ್ಪಿರಲಿಲ್ಲ, ಅವರ ಅಳತೆಯೂ ತಪ್ಪಿರಲಿಲ್ಲ. ಅಪ್ಪಯ್ಯನ ಹಳೆಯ ವಿಮಾನದ ಮೂತಿ ಒಂದು ಇಡೀ ಮಳೆಗಾಲ ತೆರೆದೇ ಉಳಿದದ್ದು ನನ್ನಿಂದ. ತಿಳಿಯದೆ ಆದದ್ದಲ್ಲ — ತಿಳಿದೇ ಮಾಡಿದೆ, ಮತ್ತೆ ಮತ್ತೆ ಮಾಡಿದೆ.

ವಿಮಾನ ಎಂದರೆ ದೊಡ್ಡದೇನಲ್ಲ. ಇಬ್ಬರು ಕೂರುವಂಥದ್ದು, ಮೂತಿಯಲ್ಲಿ ಒಂದೇ ಎಂಜಿನ್. ಅಪ್ಪಯ್ಯ ಹರೆಯದಲ್ಲಿ ದೂರದ ಊರಿನ ಫ್ಲೈಯಿಂಗ್ ಕ್ಲಬ್ಬೊಂದರಲ್ಲಿ ಹಾರಾಟ ಕಲಿತು, ಅಲ್ಲೇ ಹತ್ತಾರು ಜನಕ್ಕೆ ಕಲಿಸಿದವರು. ಕ್ಲಬ್ಬು ಮುಚ್ಚಿದಾಗ ಮೂಲೆಗೆ ಬಿದ್ದಿದ್ದ ಆ ವಿಮಾನವನ್ನು ಕೊಂಡು, ರೆಕ್ಕೆ ಬಿಚ್ಚಿಸಿ, ಲಾರಿಯ ಮೇಲೆ ಹಿರೇಕೊಡಿಗೆಗೆ ತಂದರು. ನಿಂತುಹೋಗಿದ್ದ ನಮ್ಮ ಅಕ್ಕಿ ಗಿರಣಿಯಲ್ಲಿ ಇಟ್ಟರು. ಅಮ್ಮ ಇರುವಷ್ಟು ದಿನ ಅದನ್ನು "ನನ್ನ ಸವತಿ" ಎಂದೇ ಕರೆಯುತ್ತಿದ್ದಳು.

ಅದು ಮತ್ತೆ ಹಾರುವುದಿಲ್ಲವೆಂದು ಅಪ್ಪಯ್ಯನಿಗೆ ಗೊತ್ತಿತ್ತು. ಅದಕ್ಕೆ ಪರವಾನಗಿ ಇಲ್ಲ, ಇವರಿಗೆ ಹಾರಿಸುವ ವಯಸ್ಸಿಲ್ಲ. ಅವರ ಆಸೆ ಇಷ್ಟೇ — ಗಿರಣಿಯ ಹಿಂದಿನ ಬಯಲಿನಲ್ಲಿ ಅದು ಒಮ್ಮೆ ತನ್ನ ಬಲದಿಂದ ಓಡುವುದನ್ನು ನೋಡಬೇಕು. ಕಣ್ಣಿನ ನರ ಒಣಗುತ್ತಿದೆ, ಔಷಧಿಯಿಂದ ಸ್ವಲ್ಪ ತಡೆಯಬಹುದು ಅಷ್ಟೇ ಎಂದು ಡಾಕ್ಟರು ಹೇಳಿಯಾಗಿತ್ತು.

"ಪೂರ್ತಿ ಕತ್ತಲಾಗೋದ್ರೊಳಗೆ ಒಂದ್ಸಲ ನೋಡ್ಬೇಕು ಕಣೆ ಲಲಿತಾ," ಎನ್ನುತ್ತಿದ್ದರು. "ಆಮೇಲೆ ಎಂತ ಬೇಕಾದ್ರೂ ಆಗ್ಲಿ."

ಆಗ ಸಲೀಮರು ಬಂದರು. ನರಸಿಂಹರಾಜಪುರದವರು. ಹೊರರಾಜ್ಯದ ಹ್ಯಾಂಗರೊಂದರಲ್ಲಿ ಸಣ್ಣ ವಿಮಾನಗಳ ತಗಡಿನ ಕೆಲಸ ಮಾಡುತ್ತಿದ್ದವರು, ತಾಯಿಯ ಕಾಯಿಲೆಗೆಂದು ಊರಿಗೆ ಬಂದಿದ್ದರು. ತಾಯಿ ಹೋದ ಮೇಲೆ ಅಲ್ಲಿಗೇ ಮರಳುವವರಿದ್ದರು. ಅವರ ಜಾಗ ಅಲ್ಲಿ ಇನ್ನೂ ಖಾಲಿ ಇತ್ತು. ಅಷ್ಟರಲ್ಲಿ ಯಾರೋ ಅಪ್ಪಯ್ಯನ ವಿಷಯ ಹೇಳಿದರು. ಬಂದು ನೋಡಿದರು, ಉಳಿದರು.

ಎಂಜಿನ್ನನ್ನು ಅಪ್ಪಯ್ಯ ಮತ್ತು ಅವರು ಸೇರಿ ಬೇಸಿಗೆಯಲ್ಲೇ ರಿಪೇರಿ ಮಾಡಿದ್ದರು. ಉಳಿದದ್ದು ಅದರ ಹೊದಿಕೆ — ಕೌಲಿಂಗ್. ಎಂಜಿನ್ನನ್ನು ಸುತ್ತ ಮುಚ್ಚುವ ಅಲ್ಯುಮಿನಿಯಂ ತಗಡುಗಳು. ಹಳೆಯವು ತಿಂದುಹೋಗಿದ್ದವು. "ಇದಿಲ್ದೆ ಬಯಲಲ್ಲಿ ಓಡ್ಸಂಗಿಲ್ಲ ಗೌಡ್ರೆ. ಗಾಳಿ ಸರಿಯಾಗಿ ತಿರುಗಲ್ಲ, ಎಂಜಿನ್ ಸುಟ್ಟೋಗ್ತದೆ," ಎಂದರು ಸಲೀಮರು. ರಟ್ಟಿನಲ್ಲಿ ಮಾದರಿ ಕತ್ತರಿಸಿ, ತಗಡನ್ನು ಮರಳು ಚೀಲದ ಮೇಲಿಟ್ಟು ಮರದ ಸುತ್ತಿಗೆಯಿಂದ ಬಡಿದು ಬಡಿದು ದುಂಡಗೆ ತರುತ್ತಿದ್ದರು.

ತಗಡನ್ನು ಕೂರಿಸಲು ಇಬ್ಬರು ಬೇಕು. ಒಬ್ಬರು ಹೊರಗಿನಿಂದ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಕೆಳಗಿನಿಂದ ಒಳಗೆ ಕೈ ಹಾಕಿ, ತಗಡಿನ ಅಂಚು ಚೌಕಟ್ಟಿನ ಕಿವಿಗಳ — ತಿರುಪು ಕೂರುವ ತೂತಿನ ಸಣ್ಣ ಪಟ್ಟಿಗಳ — ಮೇಲೆ ಸರಿಯಾಗಿ ಬಂತೇ ಎಂದು ತಡವಿ ಹೇಳಬೇಕು. ಅಪ್ಪಯ್ಯನ ಕೈ ದಪ್ಪ, ನಡುಗುತ್ತದೆ. ನನ್ನದು ಸಪೂರ. ಕೊಪ್ಪದ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವ ನಾನು, ನಲವತ್ತು ದಾಟಿದವಳು, ಮದುವೆಯ ಮಾತನ್ನು ಎಲ್ಲರೂ ಮರೆತಿದ್ದವಳು — ರಜೆಯ ದಿನಗಳಲ್ಲಿ ವಿಮಾನದ ಮೂತಿಯ ಕೆಳಗೆ ಕೂತೆ.

"ಟೀಚರ್ರೆ, ಇನ್ನೊಂದು ಕೂದಲೆಳೆ ಮೇಲೆ... ಹಾಂ, ಅಲ್ಲೇ ಹಿಡೀರಿ."

ಅವರ ಮುಖ ನನಗೆ ಕಾಣುತ್ತಿರಲಿಲ್ಲ. ಉಸಿರು ಕೇಳುತ್ತಿತ್ತು. ತಗಡಿನ ಆ ಬದಿಯಲ್ಲಿ ಅವರ ಅಂಗೈ, ಈ ಬದಿಯಲ್ಲಿ ನನ್ನದು. ಅಲ್ಯುಮಿನಿಯಂ ತೆಳು ಲೋಹ, ಬೆಚ್ಚಗಾಗುವುದಕ್ಕೆ ಹೆಚ್ಚು ಹೊತ್ತು ಬೇಡ. ಆ ಬಿಸುಪು ಯಾರ ಕೈಯದು ಎಂದು — ಇರಲಿ. ಅವರು ಒಂದು ದಿನವೂ ಒಂದು ಹೆಚ್ಚಿನ ಮಾತು ಆಡಿದವರಲ್ಲ. ನಾನೂ ಅಷ್ಟೆ.

ಎಡಗಡೆಯದು ಕೂತಿತು. ಬಲಗಡೆಯದು ಸಿದ್ಧವಾಗಿತ್ತು. "ಇದೊಂದು ಕೂತ್ರೆ ಮುಗೀತು," ಎಂದರು. "ಮಳೆ ಹಿಡಿಯೋ ಮುಂಚೆ ಹೊರಟು ಬಿಡ್ತೀನಿ."

ಮಧ್ಯಾಹ್ನ ಅವರು ನಮಾಜಿಗೆಂದು ಕೊಪ್ಪಕ್ಕೆ ಹೋದರು. ಅಪ್ಪಯ್ಯ ಊಟ ಮಾಡಿ ಮಲಗಿದ್ದರು. ನಾನು ಇಕ್ಕುಳ ತೆಗೆದುಕೊಂಡು ಒಳಗೆ ಕೈ ಹಾಕಿದೆ. ಎರಡು ಕಿವಿಗಳನ್ನು ಒಂದಿಷ್ಟೇ ಇಷ್ಟು ಬಗ್ಗಿಸಿದೆ. ಬಹಳ ಸುಲಭದ ಕೆಲಸ ಅದು.

ಸಂಜೆ ತಗಡಿನ ತೂತು ಚೌಕಟ್ಟಿನ ತೂತಿಗೆ ಕೂಡಲಿಲ್ಲ. ಸಲೀಮರು ಹೊರಗಿನಿಂದ ಕೇಳಿದರು —

"ಒಳಗೆ ಎಲ್ಲ ಸರಿ ಇದ್ಯಾ ಟೀಚರ್ರೆ?"

"ಸರಿ ಇದೆ," ಎಂದೆ.

ಇನ್ನೊಂದೆರಡು ದಿನ, ಅಷ್ಟು ಸಾಕು ಎಂದುಕೊಂಡಿದ್ದೆ. ಆದರೆ ಅವರು ಹೊಸ ತಗಡು ಕತ್ತರಿಸಿ ಮತ್ತೆ ಬಡಿಯತೊಡಗಿದರು. ಅದು ಬಗ್ಗಿದ ಕಿವಿಗೇ ಹೊಂದುವ ಹಾಗಿದ್ದಾಗ ನಾನು ಕಿವಿಯನ್ನು ಇನ್ನೊಂದು ಕಡೆಗೆ ಬಗ್ಗಿಸಿದೆ. ಶಾಲೆ ಶುರುವಾಯಿತು, ಮಳೆ ಹಿಡಿಯಿತು. ಅವರು ಭಾನುವಾರಗಳಂದು ನನ್ನ ಕೈಗಾಗಿ ಕಾಯುವಂತಾಯಿತು. ನಾನು ಶನಿವಾರವೇ ತಲೆಗೆ ಎರೆದುಕೊಳ್ಳುತ್ತಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ — ನನ್ನ ಬದುಕಿನಲ್ಲಿ ನಾನು ಅತ್ಯಂತ ಸುಖವಾಗಿದ್ದ ದಿನಗಳು ಅವೇ.

ಚೌಕಟ್ಟಿನ ಮೇಲೆ ಅವರಿಗೆ ಅನುಮಾನವೇ ಬರಲಿಲ್ಲ. ಅಲ್ಲಿ ತಡವಿ ನೋಡಿ ಹೇಳುತ್ತಿದ್ದವಳು ನಾನು, ನನ್ನನ್ನು ನಂಬಿದ್ದರು. ಅವರು ಅನುಮಾನಪಟ್ಟದ್ದು ತಮ್ಮ ಮೇಲೆಯೇ.

ಒಂದು ದಿನ ಸುತ್ತಿಗೆ ಕೆಳಗಿಟ್ಟು ಅಪ್ಪಯ್ಯನಿಗೆ ಹೇಳಿದರು, "ನನ್ನ ಕೈ ಹೋಯ್ತು ಗೌಡ್ರೆ."

"ಎಂತ ಮಾತು ಅಂತ ಆಡ್ತೀಯ ಮಾರಾಯ! ಬಿಡು, ನಿಧಾನ ಆಗ್ತದೆ."

"ಇಲ್ಲ. ಹ್ಯಾಂಗರಿಗೆ ಫೋನ್ ಮಾಡಿ ಬರಲ್ಲ ಅಂದ್ಬಿಟ್ಟೆ. ಅಲ್ಲಿರೋದು ಜನ ಹತ್ತೋ ವಿಮಾನ. ಕೈ ಮೇಲೆ ನಂಬಿಕೆ ಇಲ್ದೋನು ಅದನ್ನ ಮುಟ್ಬಾರ್ದು."

ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಬಾಯಿ ತೆರೆಯಲು ಅದಕ್ಕಿಂತ ಒಳ್ಳೆಯ ಗಳಿಗೆ ಬೇರೆ ಇರಲಿಲ್ಲ. ತೆರೆಯಲಿಲ್ಲ. ಅವರು ಊರಿನಲ್ಲೇ ಉಳಿಯುತ್ತಾರೆ — ದೇವರೇ, ಆ ಕ್ಷಣ ನನ್ನ ಮನಸ್ಸಿಗೆ ಬಂದದ್ದು ಅದೊಂದೇ.

ಊರಿನಲ್ಲಿ ಉಳಿದರು, ನಮ್ಮಲ್ಲಿಗೆ ಬರುವುದನ್ನು ಬಿಟ್ಟರು.

ಮಳೆ ಬಿಟ್ಟ ಮೇಲೆ ಕಿವಿಗಳನ್ನು ನಾನೇ ನೆಟ್ಟಗೆ ಮಾಡಿ, ಒಂದೇ ಒಂದು ಸಲ ಬನ್ನಿ ಎಂದು ಫೋನ್ ಮಾಡಿಸಿದೆ. ಮೊದಲು ಬಡಿದಿದ್ದ ತಗಡನ್ನೇ ಎತ್ತಿ ಇಟ್ಟರು. ಬೀಗ ಬಿದ್ದ ಹಾಗೆ ಕೂತಿತು. ಅವರ ಮುಖದಲ್ಲಿ ಸಂತೋಷ ಬರಲಿಲ್ಲ. "ಏನೋ, ಅದೃಷ್ಟ," ಎಂದರು.

ಅಷ್ಟರಲ್ಲಿ ಅಪ್ಪಯ್ಯನ ಕಣ್ಣು ಹೋಗಿತ್ತು.

ವಿಮಾನ ಹೊರಡಿಸುವ ಮೊದಲು ಅಪ್ಪಯ್ಯ ತಗಡಿನ ಉದ್ದಕ್ಕೂ ಕೈಯಾಡಿಸಿದರು. ಸಲೀಮರು ಹತ್ತಿ ಕೂತು ವಿಮಾನವನ್ನು ಬಯಲಿನ ಆ ತುದಿಗೆ ಓಡಿಸಿಕೊಂಡು ಹೋದರು. ಅಪ್ಪಯ್ಯ ಕುರ್ಚಿಯಲ್ಲಿ ಕೂತು ಸದ್ದಿನ ಕಡೆಗೆ ಮುಖ ತಿರುಗಿಸುತ್ತಿದ್ದರು. ಅದು ಆಗಲೇ ಮುಂದೆ ಹೋಗಿರುತ್ತಿತ್ತು. ಅವರ ಮುಖ ಹಿಂದೆಯೇ ಉಳಿದಿರುತ್ತಿತ್ತು.

"ಚಂದ ಕಾಣ್ತದೇನೇ?" ಎಂದು ಕೇಳಿದರು.

"ಚಂದ ಕಾಣ್ತದೆ ಅಪ್ಪಯ್ಯ."

ಇದೆಲ್ಲ ಆಗಿ ಎಷ್ಟೋ ವರ್ಷವಾಯಿತು; ಈಗ ಸಲೀಮರಿಗೆ ನರಸಿಂಹರಾಜಪುರದಲ್ಲಿ ಸಣ್ಣ ಅಂಗಡಿ ಇದೆ. ಮನೆಗಳ ಸೂರಿಗೆ, ಮಳೆನೀರು ಹರಿದುಹೋಗುವ ತಗಡಿನ ದೋಣಿ ಮಾಡಿಕೊಡುತ್ತಾರೆ. ಕಳೆದ ವಾರ ಅಲ್ಲಿಗೆ ಹೋದೆ. ತಲೆ ನರೆತಿದೆ. ಒಳಗಿನಿಂದ ಅವರ ಹೆಂಡತಿ ಚಹಾ ಕಳಿಸಿದರು. ಚಹಾ ಮುಟ್ಟದೆ ಎಲ್ಲವನ್ನೂ ಹೇಳಿದೆ — ಇಕ್ಕುಳ, ಕಿವಿ, "ಸರಿ ಇದೆ" ಎಂದದ್ದು, ಎಲ್ಲ.

ಅವರು ತಮ್ಮ ಕೈಗಳನ್ನು ನೋಡಿಕೊಂಡರು.

"ಯಾಕೆ ಟೀಚರ್ರೆ?"

"ಕೆಲಸ ಮುಗಿದ್ರೆ ನೀವು ಬರ್ತಿರ್ಲಿಲ್ಲ."

ಅವರು ತಲೆ ಎತ್ತಿದರು. ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ.

"ಕೇಳಿದ್ರೆ ಬರ್ತಿದ್ನಲ್ಲ," ಎಂದರು.

ಮತ್ತೆ ತಗಡಿನ ಕಡೆ ತಿರುಗಿ, "ಗೌಡ್ರಿಗೆ ಗೊತ್ತಾ?" ಎಂದು ಕೇಳಿದರು. ಇಲ್ಲ ಎಂದೆ. ಅವರು ಸುತ್ತಿಗೆ ಎತ್ತಿಕೊಂಡರು. ಕ್ಷಮಿಸಿ ಎಂದು ನಾನು ಕೇಳಲಿಲ್ಲ. ಆ ಭಾರವನ್ನೂ ಅವರ ಮೇಲೆಯೇ ಹೊರಿಸುವುದು ಬೇಡವೆನಿಸಿತು.

ಮನೆಗೆ ಬಂದಾಗ ಅಪ್ಪಯ್ಯ ಜಗಲಿಯಲ್ಲಿ ರೇಡಿಯೋ ಕೇಳುತ್ತಿದ್ದರು. ಪಕ್ಕದಲ್ಲಿ ಕೂತೆ. "ಅಪ್ಪಯ್ಯ, ನಿಮ್ಮತ್ರ ಒಂದು ಹೇಳೋದಿದೆ. ನಾನು ಮಾಡಿದ್ದು. ಕೇಳಿದ ಮೇಲೆ ನೀವು ನನ್ನತ್ರ ಮಾತು ಬಿಟ್ರೂ ಸರಿಯೇ."

ಅವರು ರೇಡಿಯೋ ಆರಿಸಿ, ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದರು.

"ಹೇಳು," ಎಂದರು.

ಹೇಳಿದೆ.