‘ಅಯ್ಯೋ’ ಅನ್ನದ ಐದು ನಿಮಿಷ

ಕಳೆದ ವರ್ಷ ಜೂನ್‌ನಲ್ಲಿ ನಡೆದದ್ದಿದು. ಯಜಮಾನರ ನೌಕರಿಯಿಂದಾಗಿ ಧಾರವಾಡ ಬಿಟ್ಟು ವಡೋದರಾ ಸೇರಿದ ನಾನು ಇಲ್ಲಿನ ಶಾಲೆಯೊಂದರಲ್ಲಿ ಹದಿನೆಂಟು ವರ್ಷಗಳಿಂದ ವಿಜ್ಞಾನ ಕಲಿಸುತ್ತಿದ್ದೇನೆ. ಹಲ್ಲಿ ಬಿದ್ದರೂ ಮೂರನೇ ಮಹಡಿಗೆ ಕೇಳುವಂತೆ ‘ಅಯ್ಯೋ’ ಎನ್ನುವುದು ನನ್ನ ಸ್ವಭಾವ. ಗುಜರಾತಿ ಮಕ್ಕಳು ನನ್ನಿಂದ ಕಲಿತ ಕನ್ನಡವೂ ಅದೊಂದೇ.

ಆ ತಿಂಗಳು ಶಾಲೆಗೆ ಹೊಸದಾಗಿ ಬಂದ ಕೌನ್ಸೆಲರ್ ಪಾಯಲ್‌ಬೆನ್ ನಮಗೆಲ್ಲ ತರಬೇತಿ ಕೊಟ್ಟರು. ತಮಗೆ ತಾವೇ ಗಾಯ ಮಾಡಿಕೊಳ್ಳುವ ಮಕ್ಕಳು ನಮ್ಮ ಹತ್ತಿರ ಬಂದರೆ ಏನು ಮಾಡಬೇಕು ಎಂಬುದು ವಿಷಯ. ಚೀರಬಾರದು, ಬೈಯಬಾರದು, ‘ಇನ್ನು ಮಾಡಲ್ಲ’ ಎಂದು ಆಣೆ ಹಾಕಿಸಬಾರದು, ‘ಯಾರಿಗೂ ಹೇಳಲ್ಲ’ ಎಂದು ನಾವೂ ಮಾತು ಕೊಡಬಾರದು. ಅಭ್ಯಾಸಕ್ಕೆಂದು ಅವರೇ ವಿದ್ಯಾರ್ಥಿನಿಯಾಗಿ ನನ್ನೆದುರು ಕೂತರು. ಅವರು ಬಾಯಿ ತೆರೆಯುವ ಮೊದಲೇ ನಾನು “ಅಯ್ಯೋ ದೇವರೇ!” ಎಂದೆ. ಪಾಯಲ್‌ಬೆನ್ ನಕ್ಕು, “ಮೇಡಂ, ನೀವು ಮನೆಯಲ್ಲೂ ಸ್ವಲ್ಪ ಪ್ರಾಕ್ಟೀಸ್ ಮಾಡಿ” ಎಂದರು.

ಮಾಡಿದೆ. ದಿನವೂ ಕನ್ನಡಿ ಮುಂದೆ ಶಾಂತವಾದ ಮುಖ ಮಾಡಿ ನಿಂತೆ. ಮೂರನೇ ದಿನ ಯಜಮಾನರು ಇಣುಕಿ, “ಯಾಕ, ಹಲ್ಲು ನೋಯಾಕತ್ತೈತೇನು?” ಎಂದರು.

ವಾರ ಕಳೆಯುವುದರೊಳಗೆ ನಿಜವಾದ ಪರೀಕ್ಷೆಯೇ ಬಂತು. ಒಂಬತ್ತನೇ ತರಗತಿಯ ಹುಡುಗಿ, ಮೀರಾ ಎಂದಿಟ್ಟುಕೊಳ್ಳಿ, ಆ ಸುಡುಸೆಕೆಯಲ್ಲೂ ಸ್ವೆಟರ್ ತೊಟ್ಟು ಬರುತ್ತಿದ್ದಳು. ಯೂನಿಫಾರ್ಮ್ ಸರಿಯಿಲ್ಲವೆಂದು ಎರಡು ಸಲ ಬೈದವಳು ನಾನೇ. ಆ ದಿನ ಎಲ್ಲರೂ ಹೋದ ಮೇಲೆ ಲ್ಯಾಬಿನಲ್ಲಿ ಹಿಂದೆ ಉಳಿದು, “ಸ್ವೆಟರ್ ತೆಗೆಯೋಕಾಗಲ್ಲ ಮೇಡಂ. ಕೈಮೇಲೆ ಗಾಯ ಇದೆ. ನಾನೇ ಮಾಡ್ಕೊಂಡಿದ್ದು” ಎಂದು ಹಿಂದಿಯಲ್ಲಿ ಹೇಳಿದಳು.

ಗಂಟಲವರೆಗೆ ಬಂದದ್ದನ್ನು ನುಂಗಿದೆ. “ಹೇಳಿದ್ದು ಒಳ್ಳೇದಾಯ್ತು, ಕೂತ್ಕೋ” ಎಂದೆ. ಮುಂದೇನು ಹೇಳಬೇಕೆಂಬುದು ಮರೆತೇ ಹೋಯಿತು. ಅಭ್ಯಾಸದ ಮುಖ ಹೊತ್ತು ಗೊಂಬೆಯಂತೆ ಕೂತೆ. ಮೀರಾ ದಿಟ್ಟಿಸಿ ನೋಡಿ, “ಮೇಡಂ, ನಿಮಗೆ ಹುಷಾರಿಲ್ವಾ? ನೀರು ತರಲಾ?” ಎಂದಳು.

ನನಗೆ ನಗು ತಡೆಯಲಾಗಲಿಲ್ಲ. ಅವಳೂ ನಕ್ಕಳು, ನಗುತ್ತಲೇ ಅಳತೊಡಗಿದಳು. ಆಮೇಲೆ ಮನೆಯ ಜಗಳ, ಗೆಳತಿಯರ ಚುಚ್ಚುಮಾತು ಎಲ್ಲ ತಾನಾಗಿಯೇ ಹೊರಬಂತು. ನಾನು ಒಂದೂ ಉಪದೇಶ ಮಾಡಲಿಲ್ಲ; ನೆನಪಾಗಿದ್ದರೆ ಖಂಡಿತ ಮಾಡುತ್ತಿದ್ದೆ. “ಯಾರಿಗೂ ಹೇಳ್ಬೇಡಿ” ಎಂದಳು. “ಪಾಯಲ್‌ಬೆನ್‌ಗೆ ಹೇಳಲೇಬೇಕಮ್ಮ. ಸ್ಟಾಫ್‌ರೂಮಿಗೆ ಹೇಳಲ್ಲ. ನಡಿ, ನಾನೂ ಬರ್ತೀನಿ” ಎಂದೆ. ಸ್ಟಾಫ್‌ರೂಮಿಗೆ ಹೇಳದಿರುವುದು ನನ್ನಂಥವಳಿಗೆ ಎಷ್ಟು ಕಷ್ಟವೆಂದು ಆ ಮಗುವಿಗೇನು ಗೊತ್ತು!

ಪಾಯಲ್‌ಬೆನ್ ಅವಳಿಗೆ ತಿಳಿಸಿಯೇ ಅಪ್ಪ ಅಮ್ಮನನ್ನು ಕರೆಸಿದರು, ಡಾಕ್ಟರ ಬಳಿಗೂ ಕಳಿಸಿದರು. ಸ್ವೆಟರ್ ಬದಲು ತುಂಬುತೋಳಿನ ತೆಳು ಅಂಗಿಗೆ ಪ್ರಿನ್ಸಿಪಾಲರು ಒಪ್ಪಿದರು. ಮನಸ್ಸು ಕೆಟ್ಟಾಗ ಕಾರಣ ಹೇಳದೆ ತರಗತಿಯಿಂದ ಎದ್ದು ಬರುವ ಅನುಮತಿಯೂ ಸಿಕ್ಕಿತು. ಎಲ್ಲ ಒಮ್ಮೆಗೇ ಸರಿಹೋಯಿತೆಂದು ಮಾತ್ರ ಹೇಳಲಾರೆ.

ದೀಪಾವಳಿ ರಜೆ ಮುಗಿದ ವಾರ ಮೀರಾ ಲ್ಯಾಬಿನ ಬಾಗಿಲಿಗೆ ಬಂದಳು. “ಇವತ್ತು ಮತ್ತೆ ಹಾಗನ್ನಿಸ್ತಿದೆ ಮೇಡಂ. ಮಾಡ್ಕೊಳ್ಳೋ ಮೊದಲೇ ಬಂದೆ” ಎಂದಳು. ಆ ಮಾತು ನೆನೆದಾಗಲೆಲ್ಲ ಈಗಲೂ ಕಣ್ಣು ತುಂಬುತ್ತದೆ. ಜೊತೆಗೇ ಸಂಕಟವೂ ಆಗುತ್ತದೆ. ಈ ಹದಿನೆಂಟು ವರ್ಷಗಳಲ್ಲಿ ನನ್ನ ಕೂಗಿಗೆ ಹೆದರಿ, ಏನೂ ಹೇಳದೆ ಹೊರಟುಹೋದ ಮಕ್ಕಳು ಎಷ್ಟಿದ್ದರೋ!